ಹೊಸ ವ್ಯವಸ್ಥೆ ಬರಲಿ, ಹಳೆಯ ನಂಬರು ಇರಲಿ

ಕೋಲ್ಕತಾ: ನಮ್ಮ ಸಂಘದ ಕಳೆದ ಮಾಸಿಕ ಸಭೆ ಮುಗಿದು ಕಾಫಿ ಹಂಚುವ ಹೊತ್ತಿಗೆ ಸದಸ್ಯರೊಬ್ಬರು ಜೇಬಿನಿಂದ ನಾಲ್ಕು ಪುಟಗಳ ಕೊಟೇಶನ್ ಒಂದನ್ನು ತೆಗೆದು ನನ್ನ ಕೈಗಿತ್ತರು. ಲೇಕ್ ಮಾರ್ಕೆಟ್ ಬಳಿ ಅವರದು ಕಾಫಿಪುಡಿ ಮತ್ತು ದಿನಸಿ ಅಂಗಡಿ. ಬಡಾಬಜಾರ್ ಕಡೆ ಒಂದು ಗೋದಾಮು. ಸಾಲ್ಟ್ ಲೇಕ್ ಸೆಕ್ಟರ್ ಐದರಲ್ಲಿ ಐ.ಟಿ. ಕಚೇರಿಗಳಿಗೆ ಕಾಫಿ, ತಿಂಡಿ ಒದಗಿಸುವ ಸಣ್ಣ ಕೌಂಟರ್. ಮಾಲೀಕರೂ ಸೇರಿ ಒಟ್ಟು ಇಪ್ಪತ್ತೆರಡು ಮಂದಿ. "ಮಾರಾಯ್ರೆ, ನಿಮ್ಮ ಬ್ಯಾಂಕಿನಲ್ಲಿ ಇಂಥದ್ದನ್ನೆಲ್ಲ ಹಾಕಿದ್ದಾರಲ್ಲ, ಇದು ನಮ್ಮಂಥವರಿಗೆ ಬೇಕಾ? ಮಗ ಬೇಕು ಅಂತಾನೆ. ನನಗೆ ತಲೆಬುಡ ಅರ್ಥವಾಗುವುದಿಲ್ಲ" ಎಂದರು.

ಕೊಟೇಶನ್ನಿನ ತಲೆಯಲ್ಲಿ ದಪ್ಪ ಅಕ್ಷರದಲ್ಲಿ 'ಯುನಿಫೈಡ್ ಕಮ್ಯುನಿಕೇಶನ್ಸ್ ಪ್ಲಾಟ್‌ಫಾರ್ಮ್' ಎಂದಿತ್ತು. ಒಂದು ವಾರ ಸಮಯ ಕೊಡಿ, ಓದಿ ಹೇಳುತ್ತೇನೆ ಎಂದೆ. ಅವರಿಗೆ ಹೇಳಿದ್ದನ್ನೇ ಇತರ ಸದಸ್ಯರಿಗೂ, ವಿಶೇಷವಾಗಿ ಹೋಟೆಲು, ಸಾರಿಗೆ, ಸಗಟು ವ್ಯಾಪಾರದಲ್ಲಿರುವ ನಮ್ಮವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ತಂತ್ರಜ್ಞನಲ್ಲ, ಬ್ಯಾಂಕಿನ ಗುಮಾಸ್ತ. ಇಂಥ ವ್ಯವಸ್ಥೆಯನ್ನು ಕೊಂಡವನೂ ಅಲ್ಲ, ಅದರಡಿ ಕೆಲಸ ಮಾಡಿದವನು.

ಏನಿದು?

ಹೆಸರು ದೊಡ್ಡದು, ವಿಷಯ ಸರಳ. ಒಂದು ವ್ಯಾಪಾರಕ್ಕೆ ಟೇಬಲ್ ಫೋನ್, ಒಳಗಿನ ಎಕ್ಸ್‌ಟೆನ್ಷನ್, ಇ-ಮೇಲ್, ಚಾಟ್, ವಿಡಿಯೋ ಸಭೆ, ಕಡತ ಕಳಿಸುವುದು, ಇವೆಲ್ಲ ಇದುವರೆಗೆ ಬೇರೆ ಬೇರೆ ಕಂಪನಿಗಳಿಂದ, ಬೇರೆ ಬೇರೆ ಬಿಲ್ಲಿನಲ್ಲಿ ಬರುತ್ತಿದ್ದವು. ಅವನ್ನೆಲ್ಲ ಒಂದೇ ಸೂರಿನಡಿ ತಂದು ಪ್ರತಿ ನೌಕರನಿಗೂ ಒಂದು ಖಾತೆ ಕೊಡುತ್ತಾರೆ. ಆ ಖಾತೆಯನ್ನು ಕಂಪ್ಯೂಟರಿನಲ್ಲಿ ತೆರೆದರೂ ಅದೇ, ಮೊಬೈಲಿನಲ್ಲಿ ತೆರೆದರೂ ಅದೇ. ಅಂಗಡಿಯ ನಂಬರಿಗೆ ಬಂದ ಕರೆ ಗೋದಾಮಿನಲ್ಲಿರುವವನ ಮೊಬೈಲಿನಲ್ಲಿ ಮೊಳಗುವಂತೆ ಮಾಡಬಹುದು. ಹೆಸರಿನ ಪಕ್ಕದ ಹಸಿರು ಚುಕ್ಕೆ ನೋಡಿ, ಮನುಷ್ಯ ಸ್ಥಾನದಲ್ಲಿದ್ದಾನೋ ಇಲ್ಲವೋ ತಿಳಿಯಬಹುದು. ಮೊದಲು ಕಚೇರಿಗಳಲ್ಲಿ ಗೋಡೆಗೆ ಹಾಕುತ್ತಿದ್ದ ಇ.ಪಿ.ಎ.ಬಿ.ಎಕ್ಸ್. ಪೆಟ್ಟಿಗೆಯ ಕೆಲಸವನ್ನು ಈಗ ಇಂಟರ್‌ನೆಟ್ ಮೂಲಕ ದೂರದ ಸರ್ವರ್ ಮಾಡುತ್ತದೆ. ಮೈಕ್ರೋಸಾಫ್ಟ್, ಸಿಸ್ಕೋ, ಝೂಮ್, ಚೆನ್ನೈ ಮೂಲದ ಝೋಹೋ ಮುಂತಾದವರೆಲ್ಲ ಇಂಥ ಸೇವೆ ಮಾರುತ್ತಾರೆ. ಆದರೆ ಹೊರಗಿನವರು ಕರೆ ಮಾಡುವ ನಂಬರನ್ನು ಕೊಡುವವರು ಸರ್ಕಾರದ ಪರವಾನಗಿ ಇರುವ ಟೆಲಿಕಾಂ ಕಂಪನಿಯವರೇ ಆಗಿರಬೇಕು. ಕೊಟೇಶನ್ನಿನಲ್ಲಿ ಆ ಸಾಲು ಎಲ್ಲಿದೆ ಎಂದು ಮೊದಲು ಹುಡುಕಿ.

ತಂತಿಯ ಊರು

ಇಂಥ ಮಾತು ಕೋಲ್ಕತಾದಲ್ಲಿ ಆಡಲು ಒಂದು ವಿಶೇಷವಿದೆ. ನಮ್ಮ ದೇಶದ ಮೊದಲ ಟೆಲಿಗ್ರಾಫ್ ಲೈನ್ 1850ರಲ್ಲಿ ಇಲ್ಲಿಂದಲೇ ಡೈಮಂಡ್ ಹಾರ್ಬರ್ ಕಡೆಗೆ ಹೊರಟಿತು. 1882ರ ಜನವರಿ 28ರಂದು ಕೌನ್ಸಿಲ್ ಹೌಸ್ ಸ್ಟ್ರೀಟಿನ 7ನೇ ನಂಬರಿನ ಕಟ್ಟಡದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ತೆರೆದಾಗ ಚಂದಾದಾರರ ಸಂಖ್ಯೆ ಬರೇ 93. 1995ರ ಜುಲೈ 31ರಂದು ರೈಟರ್ಸ್ ಬಿಲ್ಡಿಂಗಿನಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರೊಡನೆ ಮಾತನಾಡಿದ್ದೇ ದೇಶದ ಮೊದಲ ಮೊಬೈಲ್ ಕರೆ. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು ಎಂಬುದನ್ನು ಇಂದಿನ ಮಕ್ಕಳು ನಂಬಲಾರರು.

1991ರಲ್ಲಿ ನಾನು ಡಾಲ್‌ಹೌಸಿ ಪ್ರದೇಶದ ಶಾಖೆಯಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮ 'ಸಂಪರ್ಕ ವ್ಯವಸ್ಥೆ' ಎಂದರೆ ಅಂಚೆ, ತಂತಿ, ಟೆಲೆಕ್ಸ್ ಮತ್ತು ಟ್ರಂಕ್ ಕಾಲ್. ಊರಿಗೆ ತುರ್ತಾಗಿ ಹಣ ಕಳಿಸಬೇಕಾದರೆ ಟಿ.ಟಿ., ಅಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್. ತಂತಿ ಸಂದೇಶವನ್ನು ಯಾರು ಬೇಕಾದರೂ ಕಳಿಸಬಹುದಲ್ಲ? ಆದ್ದರಿಂದ ಮೊತ್ತ, ತಾರೀಕು ಇತ್ಯಾದಿಗಳಿಂದ ಲೆಕ್ಕ ಹಾಕಿದ ಗುಪ್ತ ಸಂಖ್ಯೆಯೊಂದನ್ನು ಅದರಲ್ಲಿ ಸೇರಿಸಬೇಕಿತ್ತು. ಆ ಲೆಕ್ಕದ ಪುಸ್ತಕ ಇಬ್ಬರು ಅಧಿಕಾರಿಗಳ ಜಂಟಿ ಸುಪರ್ದಿನಲ್ಲಿ, ಬೀಗದೊಳಗೆ. ಒಂದಂಕಿ ತಪ್ಪಿದರೂ ಅತ್ತಲಿನ ಶಾಖೆ ಹಣ ಕೊಡುವುದಿಲ್ಲ, ಮತ್ತೆ ತಂತಿ. ಟ್ರಂಕ್ ಕಾಲ್‌ನಲ್ಲಿ ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ಬಗೆ, ಲೈಟ್ನಿಂಗಿಗೆ ಎಂಟು ಪಟ್ಟು ದರ. ಇಷ್ಟರ ನಡುವೆ ವಾರಕ್ಕೊಮ್ಮೆಯಾದರೂ ನಮ್ಮ ಪ್ಯೂನ್ ದಾದಾ ರಿಸೀವರ್ ಕೆಳಗಿಟ್ಟು "ಫೋನ್ ಖಾರಾಪ್" ಎನ್ನುವುದು. ಸಹಿಯೊಂದರ ಅನುಮಾನ ಪರಿಹಾರವಾಗಲು ಮೂರು ದಿನ ಹಿಡಿದದ್ದಿದೆ. ಇಂದು ಅದೇ ಸಹಿಯ ಚಿತ್ರವನ್ನು ಇನ್ನೊಂದು ರಾಜ್ಯದ ಶಾಖೆಗೆ ಚಾಟಿನಲ್ಲಿ ಕಳಿಸಿ, ಐದು ನಿಮಿಷದಲ್ಲಿ ಉತ್ತರ ಪಡೆದು, ಗ್ರಾಹಕ ಕೌಂಟರಿನ ಮುಂದೆ ನಿಂತಿರುವಾಗಲೇ ಕೆಲಸ ಮುಗಿಸುತ್ತೇನೆ. ಆದ್ದರಿಂದ ನಾನು ಹೊಸ ವ್ಯವಸ್ಥೆಯ ವಿರೋಧಿ ಎಂದು ಯಾರೂ ಭಾವಿಸಬಾರದು. ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲಿ ನಿಂತಾಗ ಕಣ್ಣೀರಿಟ್ಟವರ ಪೈಕಿ ನಾನಿರಲಿಲ್ಲ.

ಆಂಫಾನ್ ಕಲಿಸಿದ್ದು

ನಮ್ಮ ಶಾಖೆಗೆ ಈ ಒಂದೇ ಸೂರಿನ ವ್ಯವಸ್ಥೆ ಬಂದದ್ದು 2019ರ ಕೊನೆಯಲ್ಲಿ. ಟೇಬಲ್ಲಿಗೊಂದು ಪರದೆಯಿರುವ ಫೋನ್ ಬಂತು. ಹೊರಗಿನವರಿಗೆ ಒಂದೇ ನಂಬರು. ಕರೆ ಮಾಡಿದರೆ ಬಂಗಾಳಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ, ಇಂಗ್ಲಿಷಿಗೆ ಮೂರು ಒತ್ತಿ. ಉದ್ಘಾಟನೆಯ ದಿನ ಸಿಹಿ ಹಂಚಿದ್ದೂ ಆಯಿತು. ಬಾಡಿಗೆ ಉಳಿಸುವ ದೃಷ್ಟಿಯಿಂದ ಮರುವರ್ಷದ ಜನವರಿಯಲ್ಲಿ ಶಾಖೆಯ ಎರಡೂ ಹಳೆಯ ಲ್ಯಾಂಡ್‌ಲೈನುಗಳನ್ನು ಮರಳಿಸಲಾಯಿತು. ಕಾಗದದಲ್ಲಿ ನೋಡಿದರೆ ತಪ್ಪಿಲ್ಲದ ನಿರ್ಧಾರ. ಆದರೆ ಆ ಎರಡರಲ್ಲಿ ಒಂದು ಫೋನ್ ನನ್ನ ಕೌಂಟರಿನ ಮೇಲಿತ್ತು. ಆ ನಂಬರು ನೂರಾರು ಪಾಸ್‌ಬುಕ್ಕುಗಳ ಮೊದಲ ಪುಟದಲ್ಲಿತ್ತು, ನಮ್ಮ ಸಂಘದ ವಿಳಾಸ ಪುಸ್ತಿಕೆಯಲ್ಲೂ ಇತ್ತು. ಕನ್ನಡದಲ್ಲಿ ಮಾತನಾಡಬಹುದೆಂದು ಅದಕ್ಕೆ ಕರೆ ಮಾಡುತ್ತಿದ್ದ ಹಿರಿಯರು ಕಡಿಮೆಯಿರಲಿಲ್ಲ. ಅವರ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಹೊಸ ವ್ಯವಸ್ಥೆ ತನ್ನ ಬೆಲೆ ತೋರಿಸಿದ್ದು ಆಗಲೇ. ಅರ್ಧ ಸಿಬ್ಬಂದಿ ಮನೆಯಲ್ಲಿದ್ದರೂ ಶಾಖೆಯ ನಂಬರಿಗೆ ಬಂದ ಕರೆ ಅವರ ಮೊಬೈಲಿನಲ್ಲಿ ಮೊಳಗುತ್ತಿತ್ತು. ಗ್ರಾಹಕರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ನಂತರ 2020ರ ಮೇ 20, ಬುಧವಾರ ಸಂಜೆ ಆಂಫಾನ್ ಚಂಡಮಾರುತ. ನಗರದಲ್ಲಿ ಸಾವಿರಾರು ಮರಗಳು ಉರುಳಿದವು. ತಂತಿ, ಕೇಬಲ್, ಕಂಬಗಳೆಲ್ಲ ಮರಗಳ ಕೆಳಗೆ. ಹಲವು ಬಡಾವಣೆಗಳಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ರಸ್ತೆ ತೆರವಿಗೆ ಶನಿವಾರ, ಅಂದರೆ 23ರಂದು, ಸೇನೆಯನ್ನೇ ಕರೆಸಬೇಕಾಯಿತು. ಶಾಖೆಯಲ್ಲಿ ಇಂಟರ್‌ನೆಟ್ ಇಲ್ಲದೆ ಹೊಸ ಫೋನುಗಳು ಕಪ್ಪು ಪರದೆ ಹೊತ್ತು ಸುಮ್ಮನೆ ಕುಳಿತಿದ್ದವು. ಫೋನ್ ಹೋದಾಗ ಮೇಲ್ ಮಾಡೋಣವೆಂದರೆ ಅದೂ ಅಲ್ಲೇ, ಚಾಟ್ ಮಾಡೋಣವೆಂದರೆ ಅದೂ ಅಲ್ಲೇ. ಒಂದೇ ಸೂರು ಎಂದರೆ ಸೋರಿದರೆ ಎಲ್ಲ ಒಟ್ಟಿಗೇ ನೆನೆಯುತ್ತದೆ.

ಆ ಶನಿವಾರ ರಾತ್ರಿ ನನ್ನ ಮನೆಯ ಹಳೆಯ ಲ್ಯಾಂಡ್‌ಲೈನ್ ಬಾರಿಸಿತು. ತಾಮ್ರದ ತಂತಿಯ ಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಬರುತ್ತದೆ. ಮನೆಯಲ್ಲಿ ಕರೆಂಟು ಇಲ್ಲದಿದ್ದರೂ, ತಂತಿ ಕಡಿಯದಿದ್ದರೆ, ಅದು ಮಾತನಾಡುತ್ತದೆ. ನಮ್ಮ ಓಣಿಯ ತಂತಿ ಹೇಗೋ ಕಡಿಯದೆ ಉಳಿದಿತ್ತು. ಅತ್ತಲಿಂದ ಶಿವಮೊಗ್ಗದಲ್ಲಿರುವ ಗ್ರಾಹಕರೊಬ್ಬರ ಸ್ವರ. ಅವರ ತಾಯಿ, 78 ವರ್ಷದವರು, ದೇಶಪ್ರಿಯ ಪಾರ್ಕ್ ಹಿಂಭಾಗದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಒಬ್ಬರೇ ಇರುತ್ತಿದ್ದರು. ಮಗನ ಸಲಹೆಯಂತೆಯೇ ಲ್ಯಾಂಡ್‌ಲೈನ್ ತೆಗೆಸಿ ಮೊಬೈಲ್ ಇಟ್ಟುಕೊಂಡಿದ್ದರು. ಬುಧವಾರದಿಂದ ಆ ಮೊಬೈಲ್ ಸದ್ದಿಲ್ಲ. ತಾಯಿಯ ಪಿಂಚಣಿ ವಿಷಯಕ್ಕೆ ಆಗಾಗ ಕರೆ ಮಾಡಿ ಅಭ್ಯಾಸವಿದ್ದುದರಿಂದ ಮಗನಿಗೆ ಬಾಯಿಪಾಠವಿದ್ದ ಕೋಲ್ಕತಾದ ಇನ್ನೊಂದೇ ನಂಬರು ನಮ್ಮ ಶಾಖೆಯದು. ಎರಡು ದಿನ ಅದನ್ನೇ ಒತ್ತಿದ್ದಾರೆ. ಈ ನಂಬರು ಅಸ್ತಿತ್ವದಲ್ಲಿಲ್ಲ ಎಂಬ ಧ್ವನಿಮುದ್ರಿಕೆ. "ಶಾಖೆಯೇ ಬಿದ್ದುಹೋಯಿತೋ ಅಂದುಕೊಂಡೆ ಸಾರ್" ಎಂದರು. ಕೊನೆಗೆ ಇಲ್ಲಿಂದ ವರ್ಗವಾಗಿ ಹೋಗಿ ಈಗ ಬೆಂಗಳೂರಿನಲ್ಲಿ ನಿವೃತ್ತ ಜೀವನ ನಡೆಸುತ್ತಿರುವ ಅಧಿಕಾರಿಯೊಬ್ಬರ ಬಳಿ ನಮ್ಮ ಸಂಘದ ಹಳೆಯ ವಿಳಾಸ ಪುಸ್ತಿಕೆ ಇತ್ತು. ಅದರಲ್ಲಿ ನನ್ನ ಮನೆಯ ನಂಬರು ಸಿಕ್ಕಿದೆ.

ಭಾನುವಾರ ಬೆಳಿಗ್ಗೆ ಬಿದ್ದ ಮರಗಳನ್ನು ದಾಟಿಕೊಂಡು ನಡೆದೇ ಹೋದೆ. ಅಮ್ಮ ಬಾಗಿಲು ತೆರೆದರು. ಪಂಪು ಓಡದೆ ನೀರಿಲ್ಲ, ರಕ್ತದೊತ್ತಡದ ಮಾತ್ರೆ ಮುಗಿದು ಎರಡು ದಿನ. ಕೆಳಮನೆಯ ಬಂಗಾಳಿ ಹುಡುಗ ದಿನಕ್ಕೆರಡು ಬಕೆಟ್ ನೀರು ತಂದಿಡುತ್ತಿದ್ದ. ಅಂಗಡಿ ಹುಡುಕಿ ಮಾತ್ರೆ ತಂದುಕೊಟ್ಟು, ಮನೆಗೆ ಬಂದು ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಶಾಖೆಯ ಹಳೆಯ ಲೈನ್ ಇದ್ದಿದ್ದರೂ ಆ ಬಿರುಗಾಳಿಗೆ ಅದೂ ಕಡಿದಿರುತ್ತಿತ್ತೋ ಏನೋ, ಹೇಳಲಾರೆ. ಆದರೆ ರಿಂಗಾಗಿ ಯಾರೂ ಎತ್ತದಿರುವುದು ಬೇರೆ, ಅಸ್ತಿತ್ವದಲ್ಲೇ ಇಲ್ಲ ಎನ್ನುವುದು ಬೇರೆ.

ಬ್ಯಾಂಕುಗಳು ಮಾಡಿದ ಸರಿಯಾದ ಕೆಲಸ

ಇದೇ ಅವಧಿಯಲ್ಲಿ ನಮ್ಮ ಕರಾವಳಿ ದೇಶಕ್ಕೆ ಕೊಟ್ಟ ಬ್ಯಾಂಕುಗಳ ವಿಲೀನವೂ ನಡೆಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಡನೆ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಡನೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಡನೆ ಸೇರಿದವು. ಕೋಲ್ಕತಾದಲ್ಲೇ ಪ್ರಧಾನ ಕಚೇರಿ ಹೊಂದಿದ್ದ ಅಲಹಾಬಾದ್ ಬ್ಯಾಂಕ್, ಯುನೈಟೆಡ್ ಬ್ಯಾಂಕ್‌ಗಳೂ ಅಂದೇ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಹೆಸರು ಹೋದ ನೋವು ಬೇರೆ, ಆ ಕುರಿತು ಈ ಪುಟದಲ್ಲಿ ಸಾಕಷ್ಟು ಚರ್ಚೆಯಾಗಿದೆ. ನಾನು ಹೇಳಹೊರಟಿರುವುದು ಐ.ಎಫ್.ಎಸ್.ಸಿ. ಕೋಡಿನ ವಿಷಯ. ಹಣ ಯಾವ ಶಾಖೆಗೆ ಹೋಗಬೇಕೆಂದು ಹೇಳುವ ಆ ಹನ್ನೊಂದು ಅಕ್ಷರ-ಅಂಕಿಗಳು ಬ್ಯಾಂಕಿನ ಮಟ್ಟಿಗೆ ಟೆಲಿಫೋನ್ ನಂಬರು ಇದ್ದಂತೆ. ಸಂಬಳ, ಪಿಂಚಣಿ, ಬಾಡಿಗೆ ಎಲ್ಲ ಅದನ್ನೇ ನಂಬಿ ಬರುತ್ತವೆ. ವಿಲೀನವಾದ ಮರುದಿನವೇ ಹಳೆಯ ಕೋಡ್ ನಿಲ್ಲಿಸಲಿಲ್ಲ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಕೋಡುಗಳು 2021ರ ಜೂನ್ ಕೊನೆಯವರೆಗೆ, ಅಂದರೆ ಹದಿನೈದು ತಿಂಗಳು ನಡೆದವು. ಕಾರ್ಪೊರೇಶನ್ ಬ್ಯಾಂಕಿನವು ಒಂದು ವರ್ಷ, ವಿಜಯಾ ಬ್ಯಾಂಕಿನವು ಹತ್ತಿರ ಹತ್ತಿರ ಎರಡು ವರ್ಷ. ಅಷ್ಟು ಕಾಲ ಹಳೆಯ ವಿಳಾಸಕ್ಕೆ ಬಂದ ಹಣ ಹೊಸ ಮನೆ ಸೇರುತ್ತಿತ್ತು.

ಅಂಗಡಿಯ ಫೋನಿಗೂ ಇದೇ ಲೆಕ್ಕ. ಕಂಪನಿ ಬದಲಿಸಿದರೂ ನಂಬರು ಉಳಿಸಿಕೊಳ್ಳುವ ಸೌಲಭ್ಯ 2011ರ ಜನವರಿಯಲ್ಲಿ ದೇಶಾದ್ಯಂತ ಬಂದದ್ದು ಮೊಬೈಲಿಗೆ. ಲ್ಯಾಂಡ್‌ಲೈನನ್ನು ಒಮ್ಮೆ ಮರಳಿಸಿದರೆ ಆ ನಂಬರು ಹೋಯಿತೆಂದೇ ತಿಳಿಯಬೇಕು. ಹಾಗಾಗಿ ಹೊಸ ವ್ಯವಸ್ಥೆ ಹಾಕಿದ ಮೇಲೂ ಹಳೆಯ ಲೈನನ್ನು ಇಟ್ಟುಕೊಂಡು, ಅದಕ್ಕೆ ಬಂದ ಕರೆ ಹೊಸದಕ್ಕೆ ಹೋಗುವಂತೆ ಮಾಡಿ. ಎರಡು ದೀಪಾವಳಿ ಕಳೆಯಲಿ. ಆಗಲೂ ಆ ದಾರಿಯಲ್ಲಿ ಕರೆ ಬರುತ್ತಿದ್ದರೆ ತೆಗೆಯಲೇಬೇಡಿ.

ಹುಡುಗ ಬಿಟ್ಟುಹೋದರೆ?

ಹಾಗಾದರೆ ನಮ್ಮ ಕಾಫಿಪುಡಿ ಸದಸ್ಯರಿಗೆ ಇದು ಬೇಡವೇ? ಬೇಕು ಎಂದೇ ನನ್ನ ಅಭಿಪ್ರಾಯ. ಕಾರಣ ವಿಡಿಯೋ ಸಭೆಯೂ ಅಲ್ಲ, ಹಸಿರು ಚುಕ್ಕೆಯೂ ಅಲ್ಲ. ಸೆಕ್ಟರ್ ಐದರ ಆರ್ಡರುಗಳೆಲ್ಲ ಕೌಂಟರಿನ ಹುಡುಗನ ಸ್ವಂತ ವಾಟ್ಸಾಪಿಗೆ ಬರುತ್ತಿವೆ. ಯಾವ ಕಚೇರಿಗೆ ಎಷ್ಟು ಕಾಫಿ, ಯಾರು ಎಷ್ಟು ಬಾಕಿ, ಯಾವ ದರಕ್ಕೆ ಒಪ್ಪಿದ್ದು, ಎಲ್ಲ ಅವನ ಜೇಬಿನಲ್ಲಿದೆ. ನಾಳೆ ಅವನು ಪಕ್ಕದ ಕಟ್ಟಡದಲ್ಲಿ ಸ್ವಂತ ಕೌಂಟರ್ ಇಟ್ಟರೆ ಗ್ರಾಹಕರೂ ಅವನ ಹಿಂದೆಯೇ ಹೋಗುತ್ತಾರೆ. ಅದರಲ್ಲಿ ಅವನ ತಪ್ಪೂ ಇಲ್ಲ, ನಂಬರು ಅವನದೇ ತಾನೆ. ವ್ಯಾಪಾರದ ಮಾತು ವ್ಯಾಪಾರದ ಖಾತೆಯಲ್ಲಿ ಉಳಿಯಬೇಕು, ನೌಕರ ಬಿಟ್ಟ ದಿನ ಆ ಖಾತೆ ಮುಚ್ಚಿ ಮಾತುಕತೆ ಮಾಲೀಕನ ಬಳಿ ಉಳಿಯಬೇಕು.

ದೊಡ್ಡವರೇ ಇದರಲ್ಲಿ ಎಡವಿದ್ದಾರೆ. ಅಮೆರಿಕದ ಜೆ.ಪಿ. ಮಾರ್ಗನ್ ಸಮೂಹದ ಷೇರು ವ್ಯವಹಾರದ ಸಿಬ್ಬಂದಿ ಕಚೇರಿಯ ಮಾತನ್ನು ಸ್ವಂತ ಮೊಬೈಲಿನ ವಾಟ್ಸಾಪ್ ಮುಂತಾದವುಗಳಲ್ಲಿ ಆಡಿ, ದಾಖಲೆ ಇಡದೆ ಹೋದದ್ದಕ್ಕೆ 2021ರ ಡಿಸೆಂಬರಿನಲ್ಲಿ ಅಲ್ಲಿನ ಎರಡು ನಿಯಂತ್ರಣ ಸಂಸ್ಥೆಗಳು ಒಟ್ಟು 20 ಕೋಟಿ ಡಾಲರ್ ದಂಡ ಹಾಕಿದವು. ಮೋಸ ಮಾಡಿದರೆಂದಲ್ಲ, ಮಾತಿನ ದಾಖಲೆ ಉಳಿಸಲಿಲ್ಲವೆಂದು. ನಮ್ಮ ಟಿ.ಟಿ. ರಿಜಿಸ್ಟರನ್ನು ಕಾಯುತ್ತಿದ್ದ ಹಿರಿಯ ಅಧಿಕಾರಿಗಳು ಈ ಸುದ್ದಿ ಓದಿದ್ದರೆ ತಲೆಯಾಡಿಸುತ್ತಿದ್ದರು.

ಇನ್ನು ಖರ್ಚು. ಕೊಟೇಶನ್ನಿನಲ್ಲಿ ತಲಾ ತಿಂಗಳಿಗೆ 600 ರೂಪಾಯಿ ಎಂದಿತ್ತು. ಕೇಳಲು ಅಗ್ಗ. ಇಪ್ಪತ್ತೆರಡು ಮಂದಿಗೆ ವರ್ಷಕ್ಕೆ 1,58,400, ಮೇಲೆ ಶೇ. 18ರ ಜಿ.ಎಸ್.ಟಿ. ಸೇರಿ 1,86,912 ರೂಪಾಯಿ. ಇದು ಒಮ್ಮೆ ಕೊಟ್ಟು ಮುಗಿಯುವ ಬೆಲೆಯಲ್ಲ, ಪ್ರತಿವರ್ಷದ ಬಾಡಿಗೆ. ಒಂದು ವಾರ ಅಂಗಡಿಯಲ್ಲಿ ಹಳೆಯ ಕಾಲದ ಇನ್‌ವರ್ಡ್ ರಿಜಿಸ್ಟರಿನಂತೆ ಒಂದು ನೋಟ್‌ಬುಕ್ ಇಡಿ, ಯಾವ ಕರೆ ಎಲ್ಲಿಂದ ಬಂತು, ಯಾರು ಎತ್ತಿದರು, ಕೆಲಸ ಯಾರಿಂದ ಆಯಿತು ಎಂದು ಬರೆಸಿ ಎಂದೆ. ಬರೆಸಿದರು. ಹೊರಗಿನವರೊಡನೆ ನಿಜವಾಗಿ ಮಾತನಾಡುವವರು ಏಳೇ ಮಂದಿ. ಕಾಫಿ ಹುರಿಯುವವನಿಗೆ, ಮೂಟೆ ಎತ್ತುವವನಿಗೆ ವಿಡಿಯೋ ಸಭೆ ಏತಕ್ಕೆ? ಏಳು ಖಾತೆಗೆ ತೆರಿಗೆ ಸೇರಿ ವರ್ಷಕ್ಕೆ 59,472 ರೂಪಾಯಿ. ಆ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯ ಫೋನನ್ನು ಯಾರೂ ಎತ್ತುತ್ತಲೇ ಇರಲಿಲ್ಲ. ಮಾಲೀಕರು ಊಟ ಮಾಡಿ ಮಲಗುವ ಹೊತ್ತು. ಇದಕ್ಕೆ ಪ್ಲಾಟ್‌ಫಾರ್ಮ್ ಬೇಕಿಲ್ಲ, ಆ ಹೊತ್ತಿಗೆ ಫೋನ್ ಯಾರ ಜವಾಬ್ದಾರಿ ಎಂದು ಹೇಳಿದರೆ ಸಾಕು.

ಸೂರು ಸೋರುವ ಭಯಕ್ಕೆ ಎರಡು ಬೇರೆ ಕಂಪನಿಗಳ ಇಂಟರ್‌ನೆಟ್ ಲೈನ್, ರೂಟರಿಗೊಂದು ಯು.ಪಿ.ಎಸ್. ಇರಲಿ. ಮುಖ್ಯ ನಂಬರುಗಳನ್ನು ಬರೆದ ಒಂದು ಕಾಗದ ಗಲ್ಲಾಪೆಟ್ಟಿಗೆಯ ಬಳಿ ಗೋಡೆಯ ಮೇಲೆ ಇರಲಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ನಿಂತಾಗ ಆ ಕಂಪನಿಯ ಒಳಗಿನ ಸಂಪರ್ಕವೂ ಅದರೊಡನೆಯೇ ನಿಂತು, ದುರಸ್ತಿ ಮಾಡಬೇಕಾದವರೇ ಪರದಾಡಿದರು. 2024ರ ಜುಲೈ 19ರಂದು ಒಂದು ಭದ್ರತಾ ಸಾಫ್ಟ್‌ವೇರಿನ ದೋಷದಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೆಟ್ಟಾಗ ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು.

ಹಿರಿಯ ಸದಸ್ಯರಿಗೆ ಪ್ರಸಂಗವಶಾತ್ ಒಂದು ಮಾತು. ಎಲ್ಲ ಸಂಪರ್ಕವೂ ಒಂದೇ ಪರದೆಗೆ ಬಂದ ಮೇಲೆ ಕರೆ ಯಾರದೆಂದು ತಿಳಿಯುವುದು ಕಷ್ಟವಾಗಿದೆ, 'ಬ್ಯಾಂಕಿನಿಂದ' ಎಂದು ಹೇಳಿ ವಂಚಿಸುವವರು ಹೆಚ್ಚಿದ್ದಾರೆ. ಖಾತೆಯ ವ್ಯವಹಾರದ ಕುರಿತು ಕರೆ ಮಾಡಲು 1600ರಿಂದ ಆರಂಭವಾಗುವ ನಂಬರನ್ನೇ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಬ್ಯಾಂಕುಗಳ ವೆಬ್ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯಬೇಕೆಂಬ ಸೂಚನೆಗೆ 2025ರ ಅಕ್ಟೋಬರ್ 31ರ ಗಡುವಿತ್ತು. ಅನುಮಾನ ಬಂದರೆ ಫೋನ್ ಇಟ್ಟು, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ. ಆ ನಂಬರು ಹಳೆಯದೇ ಎಂಬುದನ್ನು ಮುಂದಿನ ಸಲ ಶಾಖೆಗೆ ಹೋದಾಗ ಕೇಳಿ ತಿದ್ದಿಸಿಕೊಳ್ಳಿ.

ನಮ್ಮ ಸದಸ್ಯರು ಏಳು ಖಾತೆಗಳಿಗೆ ಒಪ್ಪಿ, ಅಂಗಡಿಯ ಹಳೆಯ 033 ನಂಬರನ್ನು ಉಳಿಸಿಕೊಂಡಿದ್ದಾರೆ. ಮೊನ್ನೆ ಮಧ್ಯಾಹ್ನ ಮೂರು ಗಂಟೆಗೆ ಬೇಕೆಂದೇ ಅದಕ್ಕೆ ಕರೆ ಮಾಡಿದೆ. ಗೋದಾಮಿನಿಂದ ಅವರ ಮಗ ಎತ್ತಿ "ಅಪ್ಪ ಮಲಗಿದ್ದಾರೆ ಅಂಕಲ್, ಏನಾಗಬೇಕಿತ್ತು?" ಎಂದ. ಅರ್ಧ ಕಿಲೋ ಪೀಬೆರಿ ಹೇಳಿದೆ.

ಸಂಘದ ವಿಳಾಸ ಪುಸ್ತಿಕೆಯ ಹೊಸ ಮುದ್ರಣದ ಕೆಲಸ ಆರಂಭವಾಗಿದೆ. ಸದಸ್ಯರು ತಮ್ಮ ಮೊಬೈಲಿನ ಜೊತೆಗೆ ಮನೆಯ ಅಥವಾ ಅಂಗಡಿಯ ಇನ್ನೊಂದು ನಂಬರನ್ನೂ, ಒಬ್ಬರೇ ಇರುವ ಹಿರಿಯರಾದರೆ ಕೆಳಮನೆಯವರ ನಂಬರನ್ನು ಅವರ ಒಪ್ಪಿಗೆ ಪಡೆದು, ಕಾರ್ಯದರ್ಶಿಗಳಿಗೆ ಬರೆದು ಕೊಡಬೇಕಾಗಿ ವಿನಂತಿ.